ಕ್ಲ್ಯಾಥ್ರಿನ್ ಕವಚ ತಾನಾಗಿಯೇ ಕಟ್ಟಿಕೊಳ್ಳುತ್ತದೆ ಸರಿ, ಬಿಚ್ಚುವವರು ಯಾರು?

ಬಿಎಸ್ಸಿ_ಕೊನೇವರ್ಷ

ಎಲ್ಲರಿಗೂ ನಮಸ್ಕಾರ. ಸೆಲ್ ಬಯಾಲಜಿಯಲ್ಲಿ ಒಂದು ಸಾಲು ತಲೆ ತಿನ್ನುತ್ತಿದೆ. "ವೆಸಿಕಲ್ ಪೊರೆಯಿಂದ ಕಳಚಿಕೊಂಡ ಮೇಲೆ ಅದರ ಕವಚ ಉದುರಿ ಹೋಗುತ್ತದೆ." ವೆಸಿಕಲ್ ಅಂದರೆ ಕೋಶದೊಳಗೆ ಸರಕು ಸಾಗಿಸುವ ಪುಟ್ಟ ಚೀಲ, ಕವಚ ಅಂದರೆ ಅದರ ಮೇಲಿನ ಕ್ಲ್ಯಾಥ್ರಿನ್ ಎಂಬ ಪ್ರೋಟೀನಿನ ಹೊದಿಕೆ, ಅಷ್ಟು ಗೊತ್ತು. ನಮ್ಮ ಪುಸ್ತಕದಲ್ಲಿ ಇದಕ್ಕಿಂತ ಜಾಸ್ತಿ ಏನೂ ಇಲ್ಲ. ಕವಚ ಗಟ್ಟಿಯಾಗಿದ್ದರೆ ಯಾಕೆ ಉದುರಬೇಕು? ಉದುರುವಷ್ಟು ಸಡಿಲವಾಗಿದ್ದರೆ ಪೊರೆಯನ್ನು ಬಗ್ಗಿಸಿ ಗುಂಡಗೆ ಮಾಡುವ ತನಕ ಹೇಗೆ ತಡೆದುಕೊಳ್ಳುತ್ತದೆ? ಎರಡೂ ಒಟ್ಟಿಗೆ ನಿಜ ಆಗೋಕೆ ಹೇಗೆ ಸಾಧ್ಯ? ಕ್ಲಾಸಿನಲ್ಲಿ ಕೇಳಿದೆ, "ಎಟಿಪಿ ಬಳಕೆಯಾಗುತ್ತದೆ ಅಂತ ಬರೆಯಿರಿ, ಸಾಕು" ಎಂದರು. ಎಟಿಪಿ ಕೋಶದ ಇಂಧನ ಅಂತ ಗೊತ್ತು, ಅಷ್ಟೇ. ಯಾರಾದರೂ ಬಿಡಿಸಿ ಹೇಳುತ್ತೀರಾ?

ಕೋಶಪ್ರೇಮಿ

ಒಳ್ಳೆಯ ಪ್ರಶ್ನೆ. ಬಿಚ್ಚುವುದಕ್ಕೆ ಮೊದಲು ಕಟ್ಟುವುದು ಹೇಗೆ ಅಂತ ನೋಡೋಣ. ಉತ್ತರದ ಅರ್ಧ ಅಲ್ಲೇ ಇದೆ.

ಈ ಕವಚ ಮೊದಲು ಸ್ಪಷ್ಟವಾಗಿ ಕಂಡಿದ್ದು ಸೊಳ್ಳೆಯಲ್ಲಿ. 1964ರಲ್ಲಿ ಥಾಮಸ್ ರಾತ್ ಮತ್ತು ಕೀತ್ ಪೋರ್ಟರ್ ಈಡಿಸ್ ಸೊಳ್ಳೆಯ ಬೆಳೆಯುತ್ತಿರುವ ಮೊಟ್ಟೆಯನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದರು. ಹೆಣ್ಣು ಸೊಳ್ಳೆ ರಕ್ತ ಕುಡಿದ ಮೇಲೆ ಮೊಟ್ಟೆ ಹೊರಗಿನಿಂದ ಹಳದಿ ಭಾಗದ ಪ್ರೋಟೀನನ್ನು ಭರ್ಜರಿಯಾಗಿ ಎಳೆದುಕೊಳ್ಳುತ್ತದೆ. ಆಗ ಪೊರೆಯಲ್ಲಿ ಒಳಕ್ಕೆ ತಗ್ಗುಗಳು, ಅಂದರೆ ಗುಂಡಿಗಳು ಬೀಳುತ್ತವೆ. ಪ್ರತಿ ಗುಂಡಿಯ ಒಳಮೈಗೆ, ಅಂದರೆ ಸೈಟೊಪ್ಲಾಸಂ (ಕೋಶದೊಳಗಿನ ದ್ರವ) ಕಡೆಗೆ, ಚಿಕ್ಕ ಚಿಕ್ಕ ಬಿರುಗೂದಲು ಅಂಟಿದ ಹಾಗೆ ಕಾಣುತ್ತಿತ್ತು. ಒಳಗೆ ಹೋದ ಚೀಲಗಳಲ್ಲಿ ಕೆಲವಕ್ಕೆ ಬಿರುಗೂದಲು ಇತ್ತು, ಕೆಲವಕ್ಕೆ ಇರಲಿಲ್ಲ. ಚೀಲ ಒಳಗೆ ಹೋದ ಮೇಲೆ ಕವಚ ಕಳೆದುಕೊಳ್ಳುತ್ತದೆ ಅಂತ ಅವರು ಆಗಲೇ ಊಹಿಸಿದ್ದರು. ನಿಮ್ಮ ಪುಸ್ತಕದ ಆ ಸಾಲಿಗೆ ಅರವತ್ತು ವರ್ಷ ದಾಟಿದೆ!

ಆ ಬಿರುಗೂದಲು ಯಾವ ಪ್ರೋಟೀನು ಅಂತ ಹೇಳಿದ್ದು ಕೇಂಬ್ರಿಡ್ಜಿನ ಬಾರ್ಬರಾ ಪಿಯರ್ಸ್, 1975–76ರಲ್ಲಿ. ಹಂದಿಯ ಮೆದುಳಿನಿಂದ ಕವಚ ಸಮೇತ ವೆಸಿಕಲ್‌ಗಳನ್ನು ಬೇರ್ಪಡಿಸಿ, ಮುಖ್ಯ ಪ್ರೋಟೀನಿಗೆ ಕ್ಲ್ಯಾಥ್ರಿನ್ ಎಂದು ಹೆಸರಿಟ್ಟರು. ಮೆದುಳೇ ಯಾಕೆ? ನರಗಳ ತುದಿಯಲ್ಲಿ ಈ ಕೆಲಸ ಬಿಡುವಿಲ್ಲದೆ ನಡೆಯುತ್ತಿರುತ್ತದೆ, ಮಾಲು ಧಾರಾಳವಾಗಿ ಸಿಗುತ್ತದೆ.

ಕ್ಲ್ಯಾಥ್ರಿನ್ನಿನ ಒಂದು ಘಟಕಕ್ಕೆ ಮೂರು ಕಾಲು. ಟ್ರಿಸ್ಕೆಲಿಯನ್ ಎನ್ನುತ್ತಾರೆ. ಮೂರು ದೊಡ್ಡ ಸರಪಣಿ, ಮೂರು ಚಿಕ್ಕ ಸರಪಣಿ. ಒಂದೊಂದು ಕಾಲೂ 50 ನ್ಯಾನೊಮೀಟರಿಗೆ ತುಸು ಕಡಿಮೆ ಉದ್ದ, ನಡುವೆ ಮಂಡಿಯ ಹತ್ತಿರ ಬಾಗಿದೆ. ಇವು ಒಂದರ ಕಾಲಿನ ಮೇಲೆ ಇನ್ನೊಂದರ ಕಾಲು ಹೊಂದಿಕೊಂಡು ಜಾಲರಿಯಾಗುತ್ತವೆ. ಜಾಲರಿಯ ಕಣ್ಣುಗಳಲ್ಲಿ ಕೆಲವಕ್ಕೆ ಆರು ಮೂಲೆ, ಕೆಲವಕ್ಕೆ ಐದು. ಬರೀ ಆರು ಮೂಲೆಯವು ಇದ್ದರೆ ಜಾಲರಿ ಚಪ್ಪಟೆ. ಐದು ಮೂಲೆಯವು ಸೇರಿದರೆ ಬಾಗುತ್ತದೆ. ಪೂರ್ತಿ ಮುಚ್ಚಿದ ಗೂಡಿಗೆ ಐದು ಮೂಲೆಯವು ಸರಿಯಾಗಿ ಹನ್ನೆರಡು ಬೇಕು. ಇದು ಆಯ್ಲರನ ಲೆಕ್ಕ, ಜೀವಕೋಶಕ್ಕೂ ವಿನಾಯಿತಿ ಇಲ್ಲ.

ಇನ್ನು ನಿಮ್ಮ ಪ್ರಶ್ನೆಗೆ ಬೇಕಾದ ಮಾತು. ಈ ಜಾಲರಿ ಕಟ್ಟಲು ಎಟಿಪಿ ಬೇಡ, ಅದರಂಥದ್ದೇ ಇಂಧನವಾದ ಜಿಟಿಪಿ ಬೇಡ, ಪೊರೆಯೂ ಬೇಡ. ಶುದ್ಧ ಮಾಡಿದ ಕ್ಲ್ಯಾಥ್ರಿನ್ನನ್ನು ಸ್ವಲ್ಪ ಆಮ್ಲೀಯ ಬಫರಿನಲ್ಲಿ ಇಟ್ಟರೆ ಸಾಕು, ಖಾಲಿ ಗೂಡುಗಳು ತಾವಾಗಿಯೇ ಕಟ್ಟಿಕೊಳ್ಳುತ್ತವೆ. ಕಟ್ಟುವುದು ಪುಕ್ಕಟೆ. ಖರ್ಚು ಇರುವುದು ಬಿಚ್ಚುವುದಕ್ಕೆ.

ಮೇಸ್ತ್ರಿ_ದಾವಣಗೆರೆ

ನಾನು ಸಿವಿಲ್ ಓದಿದವನು, ಬಯಾಲಜಿ ಹತ್ತನೇ ಕ್ಲಾಸಿಗೇ ಮುಗಿಯಿತು. ಆದರೂ ಇದು ನಮ್ಮ ಆರ್‌ಸಿಸಿ ಸೆಂಟ್ರಿಂಗ್ ಕಥೆಯ ಹಾಗೇ ಇದೆ ಅಲ್ವಾ? ಹಲಗೆ, ಜಾಕಿ ಕೊಟ್ಟು ಆಕಾರ ಮಾಡುತ್ತೇವೆ. ಕಾಂಕ್ರೀಟು ಗಟ್ಟಿಯಾದ ಮೇಲೆ ಹಲಗೆ ಬಿಚ್ಚಿ ಇನ್ನೊಂದು ಸೈಟಿಗೆ ಒಯ್ಯುತ್ತೇವೆ. ಬೇಗ ಬಿಚ್ಚಿದರೆ ಮೋಲ್ಡು ಕುಸಿಯುತ್ತದೆ, ಬಿಚ್ಚದೇ ಬಿಟ್ಟರೆ ಮುಂದಿನ ಕೆಲಸಕ್ಕೆ ಹಲಗೆ ಇಲ್ಲ.

ಕೋಶಪ್ರೇಮಿ

ಮೇಸ್ತ್ರಿಗಳೇ, ಹಲಗೆ ಮರುಬಳಕೆ ಆಗುವ ತನಕ ಹೋಲಿಕೆ ಸರಿ. ಒಂದು ಕಡೆ ಕೈ ಕೊಡುತ್ತದೆ. ಇಲ್ಲಿ ಪೊರೆ ಯಾವತ್ತೂ ಗಟ್ಟಿಯಾಗುವುದಿಲ್ಲ, ಕೊನೆಯ ತನಕ ಎಣ್ಣೆಯ ಹಾಗೆ ಹರಿಯುತ್ತಲೇ ಇರುತ್ತದೆ. ಹಾಗಾಗಿ "ಗಟ್ಟಿಯಾಯಿತು, ಈಗ ಬಿಚ್ಚಿ" ಅಂತ ಹೇಳುವ ಗುರುತು ಬೇರೆ ಏನೋ ಇರಬೇಕು. ಈ ಹುಡುಗನ ಪ್ರಶ್ನೆಯ ಗುಟ್ಟು ಅಲ್ಲೇ ಇದೆ.

ಬಿಎಸ್ಸಿ_ಕೊನೇವರ್ಷ

ಹುಡುಗ ಅಲ್ಲ ಸರ್, ಹುಡುಗಿ 🙂 ಇನ್ನೊಂದು ಅನುಮಾನ. ಕ್ಲ್ಯಾಥ್ರಿನ್ ತಾನಾಗಿಯೇ ಗೂಡು ಕಟ್ಟುವುದಾದರೆ ಕೋಶದೊಳಗೆ ಎಲ್ಲೆಂದರಲ್ಲಿ ಯಾಕೆ ಕಟ್ಟುವುದಿಲ್ಲ?

ಸೆಂಟ್ರಿಫ್ಯೂಜ್_ಸುಧಾ

ಅದಕ್ಕೆ ಎರಡು ಕಾರಣ ಕಣಮ್ಮ. ಕೋಶದೊಳಗಿನ ಪಿಎಚ್ ಮತ್ತು ಉಪ್ಪಿನಲ್ಲಿ ಕ್ಲ್ಯಾಥ್ರಿನ್ ಒಂಟಿಯಾಗಿ ಗೂಡು ಕಟ್ಟುವುದಿಲ್ಲ, ಅದಕ್ಕೆ ಅಡಾಪ್ಟರ್ ಬೇಕು. ಎರಡನೆಯದು, ಕ್ಲ್ಯಾಥ್ರಿನ್ ನೇರವಾಗಿ ಪೊರೆಯನ್ನು ಮುಟ್ಟುವುದೇ ಇಲ್ಲ. ಆ ಅಡಾಪ್ಟರುಗಳೇ ನಡುವಿನ ದಲ್ಲಾಳಿಗಳು. ಹೊರಪೊರೆಯಲ್ಲಿ ಎಪಿ-2, ಗಾಲ್ಜಿ ಮತ್ತು ಎಂಡೊಸೋಮ್ (ಕೋಶದೊಳಗೆ ಸರಕು ವಿಂಗಡಿಸುವ ಪೊರೆಚೀಲಗಳು) ಕಡೆ ಎಪಿ-1.

ಎಪಿ-2 ಏನು ಮಾಡುತ್ತದೆ ನೋಡು. ಹೊರಪೊರೆಯ ಒಳಪದರದಲ್ಲಿ ಪಿಐಪಿ2 ಎಂಬ ಕೊಬ್ಬು ಇದೆ. ಎಪಿ-2 ಅದನ್ನು ಹಿಡಿಯುತ್ತದೆ. ಹಿಡಿದಾಗ ಅದರ ಮಡಿಕೆ ಬಿಚ್ಚಿಕೊಂಡು ಸರಕನ್ನು ಹಿಡಿಯುವ ಜಾಗವೂ, ಕ್ಲ್ಯಾಥ್ರಿನ್ನನ್ನು ಕರೆಯುವ ಜಾಗವೂ ತೆರೆಯುತ್ತವೆ. ಕೊಬ್ಬು, ಸರಕು, ಕ್ಲ್ಯಾಥ್ರಿನ್ ಒಂದಕ್ಕೊಂದು ಸೇರಿದಾಗಲೇ ಹಿಡಿತ ನಿಲ್ಲುತ್ತದೆ. ಒಂದೊಂದಾಗಿ ನೋಡಿದರೆ ಎಲ್ಲವೂ ಸಡಿಲ. 2012ರಲ್ಲಿ ಕಿರ್ಶ್‌ಹೌಸನ್ ಎಂಬ ವಿಜ್ಞಾನಿಯ ತಂಡ ಜೀವಂತ ಕೋಶಗಳಲ್ಲಿ ಒಂದೊಂದೇ ಅಣುವನ್ನು ಎಣಿಸಿತು. ಗುಂಡಿ ಶುರುವಾಗುವುದು ಸಾಮಾನ್ಯವಾಗಿ ಎರಡು ಎಪಿ-2 ಮತ್ತು ಒಂದು ಟ್ರಿಸ್ಕೆಲಿಯನ್ನಿನಿಂದ ಎಂದು ಕಂಡಿತು. ಬಹಳಷ್ಟು ಗುಂಡಿಗಳು ಹಾಗೆ ಶುರುವಾಗಿ ಸರಕು ಸಿಗದೆ ಅಲ್ಲೇ ಚದುರಿ ಹೋಗುತ್ತವೆ. ಮುಂದುವರಿದವು ಅರ್ಧ ನಿಮಿಷದಿಂದ ಒಂದೂವರೆ ನಿಮಿಷದೊಳಗೆ ವೆಸಿಕಲ್ ಆಗುತ್ತವೆ.

ಇನ್ನು ಕೈಯಾರೆ ನೋಡಿದ್ದನ್ನು ಹೇಳುತ್ತೇನೆ. ನಾನು ಪಿಎಚ್‌ಡಿ ಮಾಡುವಾಗ ನಮ್ಮ ಲ್ಯಾಬಿನಲ್ಲಿ ಮೆದುಳಿನಿಂದ ಕ್ಲ್ಯಾಥ್ರಿನ್ ತೆಗೆಯುತ್ತಿದ್ದೆವು. ಕವಚವಿರುವ ವೆಸಿಕಲ್‌ಗಳ ಗುಳಿಗೆಯನ್ನು 0.5 ಮೋಲಾರ್ ಟ್ರಿಸ್ ಬಫರಿನಲ್ಲಿ ಕದಡಿ ಐಸಿನ ಮೇಲಿಟ್ಟರೆ ಕವಚ ಕರಗುತ್ತದೆ. ಜೋರಾಗಿ ತಿರುಗಿಸಿದರೆ ಬೆತ್ತಲೆ ವೆಸಿಕಲ್‌ಗಳು ಕೆಳಗೆ, ಟ್ರಿಸ್ಕೆಲಿಯನ್‌ಗಳು ಮೇಲಿನ ತಿಳಿಯಲ್ಲಿ. ಆ ತಿಳಿಯನ್ನು ಡಯಾಲಿಸಿಸ್ ಚೀಲಕ್ಕೆ ತುಂಬಿ, ಪಿಎಚ್ 6.5ರ ಆಸುಪಾಸಿನ ಎಂಇಎಸ್ ಬಫರಿನಲ್ಲಿ ಕೋಲ್ಡ್ ರೂಮಿನಲ್ಲಿ ರಾತ್ರಿಯಿಡೀ ಬಿಡಬೇಕು. ಬೆಳಿಗ್ಗೆ ಬಂದರೆ ಚೀಲದೊಳಗೆ ತಿಳಿಯಾಗಿದ್ದದ್ದು ಸ್ವಲ್ಪ ಮಂಜು ಮಂಜಾಗಿರುತ್ತದೆ. ಒಂದು ಹನಿ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಗ್ರಿಡ್ ಮೇಲೆ ಹಾಕಿ ಯುರೇನಿಲ್ ಅಸಿಟೇಟ್ ಹಚ್ಚಿ ನೋಡಿದರೆ ಸಾಲು ಸಾಲು ಗೂಡು. ಯಾರೂ ಏನೂ ಮಾಡಿಲ್ಲ, ಯಾವ ಶಕ್ತಿಯನ್ನೂ ಹಾಕಿಲ್ಲ. ಅದನ್ನು ನೋಡಿದವರಿಗೆ "ಬಿಚ್ಚೋದು ಯಾರು" ಅನ್ನುವ ಪ್ರಶ್ನೆ ತಾನಾಗಿಯೇ ಬರುತ್ತದೆ.

ತುಂಗಾತೀರ

ಹಾಗಾದರೆ ಕೋಶವೂ ಪಿಎಚ್ ಬದಲಿಸಿ ಬಿಚ್ಚಬಹುದಲ್ಲ? ಸುಮ್ನೆ ಕೇಳಿದೆ.

ಸೆಂಟ್ರಿಫ್ಯೂಜ್_ಸುಧಾ

ಇಡೀ ಸೈಟೊಪ್ಲಾಸಂನ ಪಿಎಚ್ ಬದಲಿಸಿದರೆ ಉಳಿದ ಗುಂಡಿಗಳ ಗತಿ? ಒಂದು ವೆಸಿಕಲನ್ನು ಬಿಚ್ಚುವ ಹೊತ್ತಿಗೆ ಪಕ್ಕದಲ್ಲೇ ಇನ್ನೊಂದನ್ನು ಕಟ್ಟುತ್ತಿರಬೇಕು. ಎರಡೂ ಒಂದೇ ಹೊತ್ತಿಗೆ, ಒಂದೇ ನೀರಿನಲ್ಲಿ.

ಬಿಚ್ಚುವವರನ್ನು ಹಿಡಿದದ್ದು ಜೇಮ್ಸ್ ರಾತ್‌ಮನ್ ಗುಂಪು, 1984ರಲ್ಲಿ. ಸಾಂಡ್ರಾ ಶ್ಮಿಡ್ ಆ ಕೆಲಸದಲ್ಲಿದ್ದರು. ಎಟಿಪಿ ತಿಂದು ಕ್ಲ್ಯಾಥ್ರಿನ್ ಕಳಚುವ ಒಂದು ಪ್ರೋಟೀನನ್ನು ಶುದ್ಧ ಮಾಡಿದರು. ಅದು ಎಚ್‌ಎಸ್‌ಸಿ70 ಎಂದು ಮುಂದೆ ಗೊತ್ತಾಯಿತು. ಪ್ರೋಟೀನುಗಳ ಮಡಿಕೆ ಸರಿ ಮಾಡುವ ಶಾಪರೋನ್, ಎಲ್ಲಾ ಕೋಶಗಳಲ್ಲೂ ರಾಶಿ ರಾಶಿ ಇರುವಂಥದ್ದು. ಅಷ್ಟು ಸಾಮಾನ್ಯವಾದ ಪ್ರೋಟೀನು ಸರಿಯಾಗಿ ಈ ಕವಚಕ್ಕೇ ಹೇಗೆ ಬರುತ್ತದೆ? ಕರೆತರುವುದು ಆಕ್ಸಿಲಿನ್. ನರಕೋಶದಲ್ಲಿ ಆಕ್ಸಿಲಿನ್, ಬೇರೆ ಕಡೆಯೆಲ್ಲ ಅದರ ದಾಯಾದಿ ಜಿಎಕೆ. ಇದು ಜಾಲರಿಯ ಒಳಮೈಯಲ್ಲಿ ಕಾಲುಗಳು ಕೂಡುವ ಜಾಗಕ್ಕೆ ಹೋಗಿ ಕೂರುತ್ತದೆ. ಅದರ ಜೆ-ಭಾಗ ಎಚ್‌ಎಸ್‌ಸಿ70ಅನ್ನು ಎಳೆದು ತಂದು ಎಟಿಪಿ ಒಡೆಯುವಂತೆ ಮಾಡುತ್ತದೆ. ಎಚ್‌ಎಸ್‌ಸಿ70 ಟ್ರಿಸ್ಕೆಲಿಯನ್ನಿನ ನಡುವಿನಿಂದ ಒಳಕ್ಕೆ ಜೋತುಬಿದ್ದ ಬಾಲವನ್ನು ಕಚ್ಚಿ ಹಿಡಿಯುತ್ತದೆ.

ಆಮೇಲೆ ಕೀಳುತ್ತದೆ ಅಂತ ನಾವೆಲ್ಲ ಚಿತ್ರ ಬರೆಯುತ್ತಿದ್ದೆವು. 2016ರ ಒಂದು ಕೆಲಸ ಬೇರೆಯೇ ಹೇಳಿತು. ಎಚ್‌ಎಸ್‌ಸಿ70 ದಪ್ಪನೆಯ ಅಣು. ಇಕ್ಕಟ್ಟಿನಲ್ಲಿ ಬಾಲಕ್ಕೆ ಅಂಟಿಕೊಂಡು ಅಲುಗಾಡುವಾಗ ಪಕ್ಕದ ಜಾಲರಿಗೆ ಢಿಕ್ಕಿ ಹೊಡೆಯುತ್ತಲೇ ಇರುತ್ತದೆ. ಆ ಒತ್ತಡಕ್ಕೇ ಜಾಲರಿ ಸಡಿಲವಾಗುತ್ತದೆ. ಎಟಿಪಿ ಖರ್ಚಾಗುವುದು ಎಳೆಯಲಿಕ್ಕಲ್ಲ, ಹಿಡಿತ ಬಿಗಿ ಮಾಡಲಿಕ್ಕೆ. ನನಗಂತೂ ಈ ವಿವರಣೆ ತುಂಬಾ ಹಿಡಿಸಿತು.

ಬಿಎಸ್ಸಿ_ಕೊನೇವರ್ಷ

ಮೇಡಂ, ಆದರೂ ನನ್ನ ಮೊದಲ ಪ್ರಶ್ನೆ ಹಾಗೇ ಉಳಿಯಿತು. ಆಕ್ಸಿಲಿನ್ ಅರ್ಧ ಕಟ್ಟಿದ ಗುಂಡಿಗೇ ಬಂದು ಕೂತರೆ?

ನೊಣದಣ್ಣ

ಈ ಪ್ರಶ್ನೆಗೆ ನಮ್ಮ ನೊಣಗಳನ್ನು ಕರೆತರದೆ ಆಗುವುದಿಲ್ಲ.

ಗುಂಡಿ ಪೂರ್ತಿ ಗುಂಡಗಾದ ಮೇಲೂ ಒಂದು ತೆಳು ಕುತ್ತಿಗೆ ಪೊರೆಗೆ ಅಂಟಿಕೊಂಡಿರುತ್ತದೆ. ಅದನ್ನು ಕಡಿಯುವುದು ಡೈನಮಿನ್. ಕುತ್ತಿಗೆ ಸುತ್ತ ಉಂಗುರವಾಗಿ ಸುತ್ತಿಕೊಂಡು ಜಿಟಿಪಿ ಒಡೆದು ಬಿಗಿಯುತ್ತದೆ. ಇದು ಗೊತ್ತಾದ ದಾರಿ ಮಜವಾಗಿದೆ. 1970ರ ದಶಕದ ಆರಂಭದಲ್ಲಿ ಶಿಬಿರೆ ಎಂಬ ಡ್ರೊಸೊಫಿಲಾ (ಹಣ್ಣಿನ ನೊಣ) ಮ್ಯುಟೆಂಟ್, ಅಂದರೆ ಒಂದು ಜೀನ್ ಕೆಟ್ಟ ತಳಿ, ಸಿಕ್ಕಿತು. ಬಾಟಲಿಯನ್ನು 29–30 ಡಿಗ್ರಿಗೆ ಒಯ್ದರೆ ನೊಣಗಳ ಕಾಲು ತಡವರಿಸುತ್ತದೆ, ಗಾಜಿನ ಗೋಡೆ ಹಿಡಿಯಲಾಗದೆ ಜಾರಿ ತಳಕ್ಕೆ ಬೀಳುತ್ತವೆ. ತಣ್ಣಗೆ ಮಾಡಿದರೆ ಸ್ವಲ್ಪ ಹೊತ್ತಿನಲ್ಲೇ ಎದ್ದು ಏನೂ ಆಗಿಲ್ಲ ಎಂಬಂತೆ ಓಡಾಡುತ್ತವೆ. ಬಿದ್ದಾಗ ನರದ ತುದಿಯನ್ನು ಕತ್ತರಿಸಿ ನೋಡಿದರೆ ನರಸಂದೇಶ ಹೊರುವ ಸಿನಾಪ್ಟಿಕ್ ವೆಸಿಕಲ್‌ಗಳೇ ಬಹುತೇಕ ಇಲ್ಲ. ಪೊರೆಯಲ್ಲಿ ಕುತ್ತಿಗೆಗೆ ಪಟ್ಟಿ ಸುತ್ತಿಕೊಂಡು ಕಡಿಯಲಾಗದೆ ನಿಂತ ಗುಂಡಿಗಳು. ಡೈನಮಿನ್ ಬೇರೆ ದಾರಿಯಲ್ಲಿ, ಕರುವಿನ ಮೆದುಳಿನಿಂದ, 1989ರಲ್ಲಿ ಸಿಕ್ಕಿತ್ತು. ಕೋಶದೊಳಗಿನ ಹಳಿಗಳಂಥ ಮೈಕ್ರೊಟ್ಯೂಬ್ಯೂಲ್ ಜತೆ ಕೆಲಸ ಮಾಡುವ ಪ್ರೋಟೀನು ಅಂದುಕೊಂಡಿದ್ದರು. 1991ರಲ್ಲಿ ಶಿಬಿರೆ ಜೀನ್ ಓದಿ ನೋಡಿದರೆ ಅದೇ ಡೈನಮಿನ್!

ನಮ್ಮ ಕಡೆಯವರ ಪಾಲೂ ಇದೆ. ಒಬೈದ್ ಸಿದ್ದೀಕಿ ಮತ್ತು ಸೀಮೊರ್ ಬೆನ್ಜರ್ 1976ರಲ್ಲಿ ಇಂಥದ್ದೇ ಬಿಸಿಗೆ ಬೀಳುವ ಮ್ಯುಟೆಂಟುಗಳ ಬಗ್ಗೆ ಬರೆದರು. ಅದರಲ್ಲಿ ಒಂದು ಕೊಮಟೋಸ್. ಸಿದ್ದೀಕಿ ಮುಂದೆ ಬೆಂಗಳೂರಿನಲ್ಲಿ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಸ್ಥೆ ಕಟ್ಟಿದರು, ಜಿಕೆವಿಕೆ ಆವರಣದಲ್ಲಿ. ಅವರ ಜತೆಗಾರ ಕೆ.ಎಸ್. ಕೃಷ್ಣನ್ ಈ ನೊಣಗಳ ಬೆನ್ನು ಬಿಡಲಿಲ್ಲ. ಡೈನಮಿನ್ನಿಗೆ ಜಿಟಿಪಿ ಒದಗಿಸುವ ಎನ್‌ಡಿಪಿ ಕೈನೇಸ್ ಎಂಬ ಕಿಣ್ವ ಇಲ್ಲದೆ ವೆಸಿಕಲ್ ಮರುಬಳಕೆ ಸರಿಯಾಗಿ ನಡೆಯುವುದಿಲ್ಲ ಎಂದು 2001ರಲ್ಲಿ ತೋರಿಸಿದವರು ಅವರೇ.

ಕೊಮಟೋಸ್ ಯಾವ ಜೀನ್ ಅಂತ 1995ರಲ್ಲಿ ತಿಳಿಯಿತು. ಎನ್‌ಎಸ್‌ಎಫ್. ವೆಸಿಕಲ್ ಹೋಗಿ ಸೇರುವ ಕಡೆ ಎರಡು ಪೊರೆಗಳನ್ನು ಒಂದಾಗಿಸುವ ಸ್ನೇರ್ ಪ್ರೋಟೀನುಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವಲ್ಲ, ಆ ಹೆಣಿಗೆಯನ್ನು ಎಟಿಪಿ ಖರ್ಚು ಮಾಡಿ ಬಿಡಿಸುವುದು ಇದು. ಅಲ್ಲೂ ಅದೇ ಲೆಕ್ಕ ನೋಡಿ. ಹೆಣೆದುಕೊಳ್ಳುವುದು ಪುಕ್ಕಟೆ, ಬಿಡಿಸುವುದಕ್ಕೆ ಎಟಿಪಿ.

ತುಂಗಾತೀರ

ಕಥೆ ಚೆನ್ನಾಗಿದೆ ಅಣ್ಣ, ಆದರೆ ಆಕ್ಸಿಲಿನ್ ಎಲ್ಲಿ ಹೋಯಿತು?

ನೊಣದಣ್ಣ

ಬಂದೆ ತಡಿ. 2006ರಲ್ಲಿ ಬಣ್ಣ ಹಚ್ಚಿದ ಆಕ್ಸಿಲಿನ್ನನ್ನು ಜೀವಂತ ಕೋಶದಲ್ಲಿ ಹಿಂಬಾಲಿಸಿದರು. ಗುಂಡಿ ಬೆಳೆಯುವಾಗ ಅದು ಬರುವುದೇ ಇಲ್ಲ ಎನ್ನುವಷ್ಟು ಕಡಿಮೆ. ಡೈನಮಿನ್ ಬಂದು ಕಡಿದ ತಕ್ಷಣ ಒಮ್ಮೆಲೇ ನುಗ್ಗುತ್ತದೆ. ಕೆಲವೇ ಸೆಕೆಂಡಿನಲ್ಲಿ ಕ್ಲ್ಯಾಥ್ರಿನ್ ಮಾಯ. ಅಂದರೆ ಕುತ್ತಿಗೆ ಕಡಿದದ್ದು ಆಕ್ಸಿಲಿನ್ನಿಗೆ ಹೇಗೋ ತಿಳಿಯುತ್ತದೆ.

ಆಕ್ಸಿಲಿನ್ನಿಗೆ ಕೊಬ್ಬಿನ ಗುರುತು ಹಿಡಿಯುವ ಒಂದು ಭಾಗ ಇದೆ. ಹೊರಪೊರೆಯಲ್ಲಿ ಪಿಐಪಿ2 ಜಾಸ್ತಿ. ಗುಂಡಿಯಲ್ಲಿ ಅದನ್ನು ಬದಲಿಸುವ ಕಿಣ್ವಗಳು ಇದ್ದರೂ, ಕುತ್ತಿಗೆಯ ಮೂಲಕ ಹೊಸ ಪಿಐಪಿ2 ಹರಿದು ಬರುತ್ತಲೇ ಇರುತ್ತದೆ. ಕುತ್ತಿಗೆ ಕಡಿಯಿತು, ಸರಬರಾಜು ನಿಂತಿತು. ಈಗ ಆ ಪುಟ್ಟ ಚೀಲದಲ್ಲಿರುವಷ್ಟೂ ಕೊಬ್ಬು ಬೇಗ ಬದಲಾಗುತ್ತದೆ. ಆಕ್ಸಿಲಿನ್ ಆ ಬದಲಾದ ಕೊಬ್ಬನ್ನು ಗುರುತಿಸಿ ಬರುತ್ತದೆ. ಪಿಐಪಿ2 ಕಳೆದುಹೋದಾಗ ಎಪಿ-2 ಹಿಡಿತವೂ ತಪ್ಪುತ್ತದೆ. ನರಗಳಲ್ಲಿ ಈ ಬದಲಾವಣೆ ಮಾಡುವ ಮುಖ್ಯ ಕಿಣ್ವ ಸಿನಾಪ್ಟೊಜಾನಿನ್. 1999ರಲ್ಲಿ ಅದಿಲ್ಲದ ಇಲಿಗಳನ್ನು ಮಾಡಿದಾಗ ನರದ ತುದಿಯಲ್ಲಿ ಕವಚ ಕಳಚದ ವೆಸಿಕಲ್‌ಗಳು ಗುಂಪುಗೂಡಿ ನಿಂತವು.

ಮೇಸ್ತ್ರಿಗಳೇ, ನೀವು ಕೇಳಿದ "ಗಟ್ಟಿಯಾದ" ಗುರುತು ಇದೇ. ಪೊರೆಯಿಂದ ಸಂಪರ್ಕ ಕಡಿದದ್ದೇ ಗುರುತು.

ಮೇಸ್ತ್ರಿ_ದಾವಣಗೆರೆ

ಅದ್ಭುತ ಸ್ವಾಮಿ. ಸೂಪರ್‌ವೈಸರ್ ಇಲ್ಲದೆ ನಡೆಯುವ ಸೈಟು ನಾನು ಇನ್ನೂ ನೋಡಿಲ್ಲ.

ಡಾಕ್ಟರಮ್ಮ_ಹುಬ್ಬಳ್ಳಿ

ಎರಡು ಮಾತು ಸೇರಿಸುತ್ತೇನೆ, ಇದು ಬರೀ ಪುಸ್ತಕದ ವಿಷಯ ಅಲ್ಲ ಎಂದು ಗೊತ್ತಾಗಲಿ.

ಆಕ್ಸಿಲಿನ್ ಜೀನಿನ ಹೆಸರು ಡಿಎನ್‌ಎಜೆಸಿ6. ಅದರ ಎರಡೂ ಪ್ರತಿ ಕೆಟ್ಟರೆ ಚಿಕ್ಕ ವಯಸ್ಸಿನಲ್ಲೇ ಪಾರ್ಕಿನ್ಸನ್ ಲಕ್ಷಣ ಬರುತ್ತದೆ. 2012ರಲ್ಲಿ ವರದಿಯಾಯಿತು. ಮರುವರ್ಷವೇ ಸಿನಾಪ್ಟೊಜಾನಿನ್-1ರ ದೋಷದಿಂದಲೂ ಎಳೆಯ ವಯಸ್ಸಿನ ಪಾರ್ಕಿನ್ಸನ್ ಬರುತ್ತದೆ ಎಂದು ಗೊತ್ತಾಯಿತು. ಇಬ್ಬರೂ ಬಿಚ್ಚುವ ಕೆಲಸದವರೇ, ಗಮನಿಸಿ.

ಕಟ್ಟುವ ಕಡೆಯ ದೋಷಕ್ಕೆ ಹಳೆಯ ಉದಾಹರಣೆ ಕೊಲೆಸ್ಟ್ರಾಲಿನದು. ಗುಂಡಿಗಳು ಕೋಶದ ಮೇಲ್ಮೈಯಲ್ಲಿ ಶೇ. 2ರಷ್ಟು ಜಾಗ ಮಾತ್ರ ಹಿಡಿದಿದ್ದರೂ ಎಲ್‌ಡಿಎಲ್ (ರಕ್ತದಲ್ಲಿ ಕೊಲೆಸ್ಟ್ರಾಲ್ ಹೊರುವ ಕಣ) ಹಿಡಿಯುವ ರಿಸೆಪ್ಟರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲೇ ಇರುತ್ತವೆ. ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಹತ್ತಿರ ಒಬ್ಬ ರೋಗಿಯ ಕೋಶಗಳಿದ್ದವು. ಅವನ ರಿಸೆಪ್ಟರ್ ಎಲ್‌ಡಿಎಲ್ ಹಿಡಿಯುತ್ತಿತ್ತು, ಆದರೆ ಗುಂಡಿಗೆ ಬಂದು ಸೇರುತ್ತಿರಲಿಲ್ಲ. ಕಾರಣ ಬಾಲದಲ್ಲಿ 807ನೇ ಜಾಗದ ಟೈರೊಸಿನ್ ಹೋಗಿ ಸಿಸ್ಟೀನ್ ಬಂದಿತ್ತು. ಒಂದೇ ಒಂದು ಅಮೈನೊ ಆಮ್ಲ! ಕವಚ ಸರಕನ್ನು ಆರಿಸುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಅವರಿಬ್ಬರಿಗೂ 1985ರಲ್ಲಿ ನೊಬೆಲ್ ಬಂತು.

ಬಿಎಸ್ಸಿ_ಕೊನೇವರ್ಷ

ಎಲ್ಲರಿಗೂ ಥ್ಯಾಂಕ್ಸ್. ಕಾಪ್-1, ಕಾಪ್-2 ಎಂಬ ಬೇರೆ ಕವಚಗಳು ಕೂಡ ಹೀಗೇನಾ? ಅಲ್ಲಿ ಜಿಟಿಪಿ ಒಡೆದರೆ ಕವಚ ಬೀಳುತ್ತದೆ ಅಂತ ಇದೆ, ಎಚ್‌ಎಸ್‌ಸಿ70 ಹೆಸರೇ ಇಲ್ಲ.

ಕೋಶಪ್ರೇಮಿ

ಅಲ್ಲಿ ಆಳುಗಳು ಬೇರೆ, ಉಪಾಯ ಮಾತ್ರ ಅದೇ.

ಕಾಪ್-2 ತೆಗೆದುಕೊಳ್ಳಿ, ಇಆರ್‌ನಿಂದ (ಪ್ರೋಟೀನು ತಯಾರಾಗುವ ಪೊರೆಜಾಲ) ಗಾಲ್ಜಿ ಕಡೆಗೆ ಹೋಗುವುದು. ಸಾರ್1 ಎಂಬ ಚಿಕ್ಕ ಪ್ರೋಟೀನು ಜಿಟಿಪಿ ಹಿಡಿದಾಗ ತನ್ನ ಒಂದು ತುದಿಯನ್ನು ಪೊರೆಯೊಳಗೆ ಚುಚ್ಚುತ್ತದೆ. ಅದಕ್ಕೆ ಜಿಟಿಪಿ ತುಂಬಿಸುವುದು ಸೆಕ್12. ಸಾರ್1 ಮೇಲೆ ಸೆಕ್23/24 ಕೂರುತ್ತದೆ, ಸೆಕ್24 ಸರಕು ಆರಿಸುತ್ತದೆ. ಅದರ ಮೇಲೆ ಸೆಕ್13/31 ಹೊರಗೂಡು ಕಟ್ಟುತ್ತದೆ. ತಮಾಷೆ ಎಂದರೆ ಸೆಕ್23 ತಾನೇ ಸಾರ್1ರ ಜಿಟಿಪಿ ಒಡೆಸುವ ಕಿಣ್ವ. ಸೆಕ್31 ಬಂದರೆ ಆ ವೇಗ ಸುಮಾರು ಹತ್ತು ಪಟ್ಟು ಹೆಚ್ಚುತ್ತದೆ. ಕವಚ ಪೂರ್ತಿಯಾಗುವುದೇ ಕವಚ ಬಿಚ್ಚುವುದಕ್ಕೆ ದಾರಿ!

ಹಾಗಾದರೆ ಅರ್ಧದಲ್ಲೇ ಯಾಕೆ ಬೀಳುವುದಿಲ್ಲ? ಒಂದು, ಜಿಟಿಪಿ ಒಡೆದು ಸಾರ್1 ಹೋದರೂ ಅಕ್ಕಪಕ್ಕದವರ ಮತ್ತು ಸರಕಿನ ಹಿಡಿತದಲ್ಲಿ ಕವಚ ಸ್ವಲ್ಪ ಹೊತ್ತು ನಿಲ್ಲುತ್ತದೆ. ಎರಡು, ಸೆಕ್12 ಇಆರ್ ಪೊರೆಯಲ್ಲೇ ಇದ್ದು ಹೊಸ ಸಾರ್1ಗಳನ್ನು ಕಳಿಸುತ್ತಲೇ ಇರುತ್ತದೆ. ಆದರೆ ಸೆಕ್12 ವೆಸಿಕಲ್‌ಗೆ ಹತ್ತುವುದಿಲ್ಲ. ಕಳಚಿದ ಮೇಲೆ ಹೊಸ ಸಾರ್1 ಇಲ್ಲ. ನೊಣದಣ್ಣ ಹೇಳಿದ ಪಿಐಪಿ2 ಕಥೆಯೇ, ಸರಬರಾಜು ನಿಂತಿತು.

ಕಾಪ್-1ರಲ್ಲಿ ಸಾರ್1 ಜಾಗದಲ್ಲಿ ಆರ್ಫ್1. ಅಲ್ಲಿ ಅದರ ಜಿಟಿಪಿ ಒಡೆಸುವ ಆರ್ಫ್‌ಗ್ಯಾಪ್1 ಚೆನ್ನಾಗಿ ಬಾಗಿದ ಪೊರೆಯ ಮೇಲೆ ಮಾತ್ರ ಜೋರಾಗಿ ಕೆಲಸ ಮಾಡುತ್ತದೆ ಎಂದು 2003ರಲ್ಲಿ ತೋರಿಸಿದರು. ಒಡೆಯಲಾಗದ ಜಿಟಿಪಿ ಹಾಕಿದರೆ ಕವಚ ಕಟ್ಟುತ್ತದೆ, ಬಿಚ್ಚುವುದಿಲ್ಲ. 1989ರಲ್ಲಿ ವಿವೇಕ್ ಮಲ್ಹೋತ್ರಾ ಮತ್ತು ರಾತ್‌ಮನ್ ಮೊದಲಾದವರು ಈ ಉಪಾಯದಿಂದಲೇ ಕಾಪ್-1 ವೆಸಿಕಲ್‌ಗಳನ್ನು ಕವಚ ಸಮೇತ ಹಿಡಿದರು. ಬಿಚ್ಚಲು ಬಿಡದೆ ಇದ್ದದ್ದರಿಂದಲೇ ಅದು ಕೈಗೆ ಸಿಕ್ಕಿತು.

ಸೆಂಟ್ರಿಫ್ಯೂಜ್_ಸುಧಾ

ಒಂದು ತಕರಾರು. "ಕಳಚಿದ ತಕ್ಷಣ ಕವಚ ಬೀಳುತ್ತದೆ" ಎನ್ನುವುದನ್ನು ಕಾಪ್-2ಗೆ ಹಾಗೇ ಅನ್ವಯಿಸಬೇಡಿ. ಗಾಲ್ಜಿ ಕಡೆ ವೆಸಿಕಲನ್ನು ಹಿಡಿದುಕೊಳ್ಳುವ ಟ್ರ್ಯಾಪ್-1 ಎಂಬ ಪ್ರೋಟೀನು ಗುಂಪು ನೇರವಾಗಿ ಸೆಕ್23ಅನ್ನೇ ಹಿಡಿಯುತ್ತದೆ ಎಂದು 2007ರಲ್ಲಿ ತೋರಿಸಿದ್ದಾರೆ. ಕವಚ ಪೂರ್ತಿ ಹೋಗಿದ್ದರೆ ಅದು ಏನನ್ನು ಹಿಡಿಯಬೇಕು? ಆಮೇಲೆ 2011ರಲ್ಲಿ, ಗಾಲ್ಜಿಯಲ್ಲಿರುವ ಒಂದು ಕೈನೇಸ್ ಸೆಕ್23/24ಕ್ಕೆ ಫಾಸ್ಫೇಟ್ ಅಂಟಿಸಿ ಉಳಿದದ್ದನ್ನು ಬಿಡಿಸುತ್ತದೆ ಎಂದು ಬಂತು. ಯೀಸ್ಟಿನಲ್ಲಿ ಅದರ ಹೆಸರು ಎಚ್‌ಆರ್‌ಆರ್25. ಅಂದರೆ ಒಳಕವಚದ ಒಂದಷ್ಟು ಭಾಗ ವಿಳಾಸ ಚೀಟಿಯಾಗಿ ಊರು ತಲುಪುವ ತನಕ ಇರುತ್ತದೆ.

ಕೋಶಪ್ರೇಮಿ

ಒಪ್ಪಿದೆ, ಹೊರಗೂಡು ಮತ್ತು ಒಳಪದರ ಒಟ್ಟಿಗೇ ಹೋಗಬೇಕೆಂದಿಲ್ಲ. ಸಾರ್1 ಮಾತ್ರ ಮೊದಲೇ ಹೋಗುತ್ತದೆ.

ತುಂಗಾತೀರ

ನನ್ನದೊಂದು. ಜಾಲರಿ ಮೊದಲು ಚಪ್ಪಟೆಯಾಗಿ ಹರಡಿ ಆಮೇಲೆ ಬಾಗುತ್ತದೋ, ಶುರುವಿನಿಂದಲೇ ಬಾಗಿ ಬೆಳೆಯುತ್ತದೋ?

ಸೆಂಟ್ರಿಫ್ಯೂಜ್_ಸುಧಾ

ಇದಕ್ಕೆ ಇನ್ನೂ ಜಗಳ ನಿಂತಿಲ್ಲ. 1980ರಲ್ಲಿ ಜಾನ್ ಹ್ಯೂಸರ್ ತೆಗೆದ ಚಿತ್ರಗಳಲ್ಲಿ ಚಪ್ಪಟೆ ಜಾಲರಿ, ಅರ್ಧ ಬಾಗಿದ್ದು, ಪೂರ್ತಿ ಗುಂಡಗಿದ್ದು ಎಲ್ಲವೂ ಇದ್ದವು. ಚಪ್ಪಟೆಯಿಂದ ಬಾಗಬೇಕಾದರೆ ಆರು ಮೂಲೆಯ ಕಣ್ಣುಗಳು ಐದು ಮೂಲೆಯವಾಗಬೇಕು, ಅಂದರೆ ಕಟ್ಟಿದ್ದನ್ನು ನಡುವೆಯೇ ಬಿಚ್ಚಿ ಕಟ್ಟಬೇಕು. ಅಷ್ಟು ಬಿಚ್ಚಿಕಟ್ಟುವಿಕೆ ಸಾಧ್ಯವೇ ಎಂದು ಹಲವರಿಗೆ ಅನುಮಾನ ಇತ್ತು. 2015ರ ಒಂದು ಕೆಲಸದ ಪ್ರಕಾರ ಜಾಲರಿ ಮೊದಲು ಬೇಕಾದಷ್ಟು ಅಗಲಕ್ಕೆ ಬೆಳೆದು ಆಮೇಲೆ ಬಾಗುತ್ತದೆ. ಅಲ್ಲಿನ ಕ್ಲ್ಯಾಥ್ರಿನ್ನೂ ಸೈಟೊಪ್ಲಾಸಂನಲ್ಲಿರುವ ಕ್ಲ್ಯಾಥ್ರಿನ್ ಜತೆ ಅದಲುಬದಲಾಗುತ್ತಲೇ ಇರುತ್ತದೆ. ನನ್ನ ಮಟ್ಟಿಗೆ ಎರಡೂ ದಾರಿ ಇರಬಹುದು, ಕೋಶ ಯಾವುದು, ಪೊರೆಯ ಬಿಗಿ ಎಷ್ಟು ಎನ್ನುವುದರ ಮೇಲೆ.

ಬಿಎಸ್ಸಿ_ಕೊನೇವರ್ಷ

ಕೊನೆಯ ಪ್ರಶ್ನೆ. ಒಳಗೆ ಬರುವ ಎಲ್ಲಾ ವೆಸಿಕಲ್‌ಗೂ ಕವಚ ಬೇಕೇ ಬೇಕಾ?

ನೊಣದಣ್ಣ

ಬೇಡ ತಂಗಿ. ಎನ್‌ಸಿಬಿಎಸ್‌ನಲ್ಲೇ ಸತ್ಯಜಿತ್ ಮೇಯರ್ ತಂಡ ಇದರ ಮೇಲೆ ವರ್ಷಾನುಗಟ್ಟಲೆ ಕೆಲಸ ಮಾಡಿದೆ. ಜಿಪಿಐ ಎಂಬ ಕೊಬ್ಬಿನ ಲಂಗರಿನಿಂದ ಪೊರೆಗೆ ಅಂಟಿದ ಪ್ರೋಟೀನುಗಳಿಗೆ ಒಳಗೆ ಚಾಚಿದ ಬಾಲವೇ ಇಲ್ಲ, ಎಪಿ-2 ಹಿಡಿಯಲು ಏನೂ ಸಿಗುವುದಿಲ್ಲ. ಅವು ಕ್ಲ್ಯಾಥ್ರಿನ್ನೂ ಇಲ್ಲದ, ಡೈನಮಿನ್ನೂ ಬೇಡದ ಇನ್ನೊಂದು ದಾರಿಯಲ್ಲಿ ಒಳಗೆ ಹೋಗುತ್ತವೆ. ಅಲ್ಲಿ ಆಕ್ಟಿನ್ ಎಳೆಗಳ ಮತ್ತು ಸಿಡಿಸಿ42 ಎಂಬ ಪ್ರೋಟೀನಿನ ಕಾರುಬಾರು. ಆ ಕಥೆ ದೊಡ್ಡದು, ಬೇರೆ ಥ್ರೆಡ್ ಶುರು ಮಾಡು, ಬರುತ್ತೇನೆ.